ಲೈನ್ ಬಿಡುವಿಲ್ಲ

ಫೆಬ್ರವರಿ 9

ಮಾವ,

ಮೇಲ್ ಕಳಿಸಿದರೆ ತೆರೆಯುವುದಿಲ್ಲ, ಫೋನ್ ಮಾಡಿದರೆ ಕಿವಿ ಕೇಳಿಸುವುದಿಲ್ಲ. ನಿನ್ನಂಥವನಿಗೆ ಕಾಗದವೇ ಗತಿ. ಅಂಚೆ ಪೆಟ್ಟಿಗೆ ಹುಡುಕಿಕೊಂಡು ಅರ್ಧ ಊರು ಸುತ್ತಿದ್ದೇನೆ. ಈ ಕಾಲದಲ್ಲಿ ಅಂಚೆ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದರೆ ಜನ ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಾರೆ.

ಸುದ್ದಿ ಏನೆಂದರೆ, ಸೇತುವೆ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿದೆ. ನೀನು ಕೂರುತ್ತಿದ್ದ ಅದೇ ಮೂಲೆಯ ಮೇಜು. ಕಾಲು ಅಲುಗದಿರಲೆಂದು ನೀನು ಮಡಚಿ ತುರುಕಿದ ರಟ್ಟು ಕೂಡ ಹಾಗೇ ಇದೆ. ನೀನು ಬರೆದಿಟ್ಟು ಹೋದ ಕಂಪ್ಯೂಟರ್ ವ್ಯವಸ್ಥೆಯನ್ನು ಇನ್ನು ಮುಂದೆ ನೋಡಿಕೊಳ್ಳುವವಳು ನಾನು. ಅಪ್ಪನ ಮಗಳೆಂದು ಕೊಟ್ಟದ್ದಲ್ಲ, ಪರೀಕ್ಷೆ ಬರೆದು ಗೆದ್ದದ್ದು. ಇದನ್ನು ಎಲ್ಲರಿಗೂ ಎರಡೆರಡು ಸಲ ಹೇಳಬೇಕಾಗಿದೆ.

ಅಪ್ಪ ಪಕ್ಕದ ಕಂಟ್ರೋಲ್ ಹಾಲಿನಲ್ಲಿ, ಮೂರನೆಯ ಕುರ್ಚಿಯಲ್ಲಿ. ಹಡಗು ಬಂತೆಂದರೆ ದೀಪ ಕೆಂಪು ಮಾಡಿ, ಎರಡೂ ಬದಿಯ ಗೇಟು ಇಳಿಸಿ, ಸೇತುವೆಯ ಮೇಲೆ ಯಾರೂ ಉಳಿದಿಲ್ಲವೆಂದು ಕ್ಯಾಮೆರಾದಲ್ಲಿ ನೋಡಿ, 'ಎತ್ತು' ಎಂಬ ಗುಂಡಿ ಒತ್ತುತ್ತಾನೆ. ಎರಡು ಮೈಲಿ ಆಚೆ ಒಂದು ರಸ್ತೆ ಎರಡು ಹೋಳಾಗಿ ಮೇಲೇಳುತ್ತದೆ. ಚಿಕ್ಕಂದಿನಲ್ಲಿ ನೋಡಿ ಬೆರಗಾಗುತ್ತಿದ್ದೆ. ಈಗಲೂ ಆಗುತ್ತೇನೆ, ತೋರಿಸಿಕೊಳ್ಳುವುದಿಲ್ಲ ಅಷ್ಟೆ.

ಸೇರಿದ ದಿನವೇ ಮೊದಲ ದೂರು ಕೊಟ್ಟವನು ಅಪ್ಪ. ಗುಂಡಿ ಒತ್ತಿದರೆ ಪರದೆಯ ಮೇಲೆ 'ಲೈನ್ ಬಿಡುವಿಲ್ಲ, ಮತ್ತೆ ಪ್ರಯತ್ನಿಸಿ' ಎಂದು ಬರುತ್ತದಂತೆ. ಬೇರೆ ಯಾರಿಗೂ ಬರುವುದಿಲ್ಲ. ಕುರ್ಚಿ ಬದಲಿಸಿದರೂ ಅವನ ಬೆನ್ನು ಬಿಡುವುದಿಲ್ಲ. "ನಿನ್ನ ಮಾವ ಕಟ್ಟಿದ್ದಲ್ವಾ, ಅವನ ಹಾಗೇ ಕಿವುಡು. ಮೊದಲನೇ ಸಲ ಹೇಳಿದ್ದು ಯಾವತ್ತೂ ಕೇಳಲ್ಲ. ಅದಕ್ಕೇ ನಾನು ಒಂದು ಸಲ ಒತ್ತಿ ಎಬ್ಬಿಸ್ತೀನಿ, ಆಮೇಲೆ ಕ್ಯಾಮೆರಾ ನೋಡ್ಕೊಂಡು ಇನ್ನೊಂದು ಸಲ ಒತ್ತೋದು" ಎಂದ. ನಾಲ್ಕು ವರ್ಷದ ಬಳಿಕ ಅವನ ಬಾಯಲ್ಲಿ ನಿನ್ನ ಸುದ್ದಿ ಬಂದದ್ದು ಇದೇ ಮೊದಲು. ಬೈಗುಳವೇ ಆದರೂ ನನಗೆ ಖುಷಿಯಾಯಿತು.

ಈ ಲೈನಿನ ಗೋಳು ಏನೆಂದು ನಿನಗೆ ಗೊತ್ತಿದ್ದರೆ ತಿಳಿಸು. ಅಮ್ಮ ನಿನ್ನ ಕಿವಿಯನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಬೇಕು ಎಂದು ಬರೆಯಲು ಹೇಳಿದಳು. ಬರೆದಿದ್ದೇನೆ.

ನಿನ್ನ ಮೆಣಸಿನಕಾಯಿ


ಫೆಬ್ರವರಿ 20

ಮೆಣಸಿನಕಾಯಿ,

ನಿನ್ನ ಕಾಗದವನ್ನು ನಾನು ಈಗ ಕೆಲಸ ಮಾಡುವ ತರಬೇತಿ ಶಾಲೆಯ ಅಡುಗೆಯವನಿಗೂ ತೋರಿಸಿದೆ. ನನ್ನ ಸೊಸೆ, ಅಕ್ಕನ ಮಗಳು, ನನ್ನ ಮೇಜಿನಲ್ಲಿ ಕೂತಿದ್ದಾಳೆ ಎಂದೆ. ಅವನು ನನ್ನ ಕಿವಿಯ ಹತ್ತಿರ ಬಂದು "ಮೇಜು ಈಗಲಾದ್ರೂ ಚೊಕ್ಕ ಆಗುತ್ತೆ" ಎಂದು ಕೂಗಿದ. ಈ ಊರಿನಲ್ಲಿ ನನಗೆ ಇರುವ ಮರ್ಯಾದೆ ಇಷ್ಟು.

ಕಾಗದ ಯಾಕೆ ಎಂದು ಗೊಣಗಬೇಡ. ಕೇಳುವವನಿಗೂ ಉತ್ತರ ಕೊಡುವವನಿಗೂ ನಡುವೆ ಕೂರುವ ಕೆಲಸವನ್ನೇ ಆಯುಸ್ಸೆಲ್ಲ ಮಾಡಿದವನು ನಾನು. ನಡುವೆ ಯಾರ್ಯಾರು ಕೂತಿರುತ್ತಾರೆಂದು ನನಗೆ ಗೊತ್ತು. ಲಕೋಟೆಯ ಅಂಟು ವಾಸಿ.

ಲೈನಿನ ವಿಷಯ ದೊಡ್ಡದೇನಲ್ಲ. ಹಳೆಯ ತಂತಿಗಳು, ಹಳೆಯ ಗಂಟುಗಳು. ಅದರ ಗೊಡವೆಗೆ ಹೋಗಬೇಡ. ಹೊಸಬರು ಮೊದಲ ತಿಂಗಳಲ್ಲೇ ಹಳೆಯ ಮನೆಯ ಕಂಬ ಕೀಳಲು ಹೋಗಬಾರದು. ಭಾವನಿಗೆ ಡಿಸೆಂಬರಿನಲ್ಲಿ ನಿವೃತ್ತಿಯಲ್ಲವೇ? ಅಲ್ಲಿಯವರೆಗೆ ಎರಡು ಸಲ ಒತ್ತಿದರೆ ಬೆರಳೇನೂ ಸವೆಯುವುದಿಲ್ಲ.

ಭಾವ ಹೇಗಿದ್ದಾರೆ? ಬೆಳಿಗ್ಗೆ ಪದಬಂಧ ಬಿಡಿಸುತ್ತಾರಾ, ಈಗಲೂ? ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವುದುಂಟಾ? ಸುಮ್ಮನೆ ಕೇಳಿದೆ.

ನಿನ್ನ ಕಿವುಡು ಮಾವ


ಮಾರ್ಚ್ 2

ಮಾವನವರಿಗೆ,

ತಂತಿಯೂ ಅಲ್ಲ, ಗಂಟೂ ಅಲ್ಲ. ನಾನು ನೋಡಿದೆ.

ಕಾಲೇಜಿನಲ್ಲಿದ್ದಾಗ ನಮ್ಮ ಅಡುಗೆಮನೆಯ ಮೇಜಿನ ಮೇಲೆ ನೀವೇ ನನಗೆ ಇಂಟರ್‌ಸೆಪ್ಟರ್ ಎಂದರೇನೆಂದು ಹೇಳಿಕೊಟ್ಟಿರಿ. ಒಂದು ಕಡೆ ಕುರ್ಚಿಯಲ್ಲಿ ಕೂತವನ ಪ್ರೋಗ್ರಾಮು, ದೂರದಲ್ಲಿ ಸೇತುವೆಯ ಪ್ರೋಗ್ರಾಮು. ಇವನ ಕೋರಿಕೆ ಅದಕ್ಕೆ ಹೋಗುತ್ತದೆ, ಅದರ ಉತ್ತರ ಇವನಿಗೆ ಬರುತ್ತದೆ. ನಡುವಿನ ಹೊಸ್ತಿಲಲ್ಲಿ ಒಬ್ಬ ಅಜ್ಜಿ ಕೂತಿರುತ್ತಾಳೆ, ಅವಳೇ ಇಂಟರ್‌ಸೆಪ್ಟರ್. ಅವಳಿದ್ದಾಳೆಂದು ಇವನಿಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ. ಹೋಗುವ ಬರುವ ಪ್ರತಿಯೊಂದೂ ಅವಳ ಕಣ್ಣ ಕೆಳಗೇ ಹಾದುಹೋಗಬೇಕು. ಬೇಕಾದರೆ ಒಂದು ಚೀಟಿ ಅಂಟಿಸುತ್ತಾಳೆ, ಬೇಡವೆಂದರೆ ವಾಪಸು ಕಳಿಸುತ್ತಾಳೆ. ಅಷ್ಟು ಚೆನ್ನಾಗಿ ಹೇಳಿಕೊಟ್ಟವರು ನೀವು.

ನಿಮ್ಮ ಅಜ್ಜಿ ಸಿಕ್ಕಳು. 'ಲೈನ್ ಎಣಿಕೆ' ಎಂಬ ಸಾಧು ಹೆಸರಿಟ್ಟು ಕೂರಿಸಿದ್ದೀರಿ. ಅವಳು ಏನನ್ನೂ ಎಣಿಸುವುದಿಲ್ಲ. ಬರುವ ಕೋರಿಕೆ ಯಾರದೆಂದು ನೋಡುತ್ತಾಳೆ. ಬೇರೆಯವರದಾದರೆ ಹೋಗು ಎನ್ನುತ್ತಾಳೆ. ನಮ್ಮಪ್ಪನದಾದರೆ, ಗೇಟು ಇಳಿದ ಮೇಲೆ ಅವನು ಕ್ಯಾಮೆರಾಗಳನ್ನೆಲ್ಲ ತೆರೆದು ನೋಡಿದನೇ ಎಂದು ಪರೀಕ್ಷಿಸುತ್ತಾಳೆ. ಇಲ್ಲವಾದರೆ ಕೋರಿಕೆ ಸೇತುವೆಯವರೆಗೆ ಹೋಗುವುದೇ ಇಲ್ಲ. ಲೈನ್ ಬಿಡುವಿಲ್ಲ ಎಂಬ ಹಸಿ ಸುಳ್ಳು ಹೇಳಿ ಹಿಂದಕ್ಕೆ ಅಟ್ಟುತ್ತಾಳೆ. ಇಡೀ ಹಾಲಿನಲ್ಲಿ ಒಬ್ಬನಿಗೆ ಮಾತ್ರ. ನಿಮ್ಮ ಅಕ್ಕನ ಗಂಡನಿಗೆ.

ಅಪ್ಪನ ಮೇಲೆ ನಿಮಗೆ ಏನು ಸಿಟ್ಟು? ನೀವು ಊರು ಬಿಟ್ಟಾಗ ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ನೀವು ಒಂದು ಮಾತೂ ಹೇಳದೆ ಹೋದಿರಿ, ಅಪ್ಪ ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ, ಆಮೇಲೆ "ಸಂಬಳ ಜಾಸ್ತಿ ಸಿಕ್ತು, ಹೋದ" ಎಂದು ಮುಗಿಸಿಬಿಟ್ಟ. ಹೋಗುವಾಗ ಇದನ್ನು ಇಟ್ಟು ಹೋದಿರಾ? ದಿನಕ್ಕೆ ಹತ್ತಾರು ಸಲ ಅವನಿಗೆ ಬಾಗಿಲು ಹಾಕುವಂಥ ಕಾವಲು? ಎದುರು ನಿಂತು ಜಗಳವಾಡಿದ್ದರೆ ನಿಮ್ಮನ್ನು ಗಂಡಸೆನ್ನುತ್ತಿದ್ದೆ.

ಮುಂದಿನ ಶನಿವಾರ ಇದನ್ನು ತೆಗೆಯುತ್ತೇನೆ.

ನಿಮ್ಮ ಸೊಸೆ


ಮಾರ್ಚ್ 7

ಸೊಸೆಯೇ,

ತೆಗೆಯಬೇಡ. ದಮ್ಮಯ್ಯ.

ಕಾರಣ ಹೇಳಲಾರೆ. ಮಾತು ಕೊಟ್ಟಿದ್ದೇನೆ. ಸಿಟ್ಟಿನಿಂದ ಮಾಡಿದ್ದಲ್ಲ ಎಂಬುದೊಂದನ್ನು ನಂಬು. ಡಿಸೆಂಬರಿನವರೆಗೆ ಬಿಡು, ಆಮೇಲೆ ನನಗೆ ಬೇಕಾದ್ದು ಅನ್ನು. ಈಗಲೇ ಅಂಚೆಗೆ ಹಾಕಿಸುತ್ತಿದ್ದೇನೆ.


ಮಾರ್ಚ್ 15

ಮಾವನವರಿಗೆ,

ನಿಮ್ಮ ಕಾಗದ ಬರುವ ಹೊತ್ತಿಗೆ ಅಜ್ಜಿಯನ್ನು ಎಬ್ಬಿಸಿ ಕಳಿಸಿ ಆಗಿತ್ತು. ಮೊದಲೇ ಬಂದಿದ್ದರೂ ನಿಲ್ಲಿಸುತ್ತಿರಲಿಲ್ಲ. ಕಾರಣ ಹೇಳಲಾರೆ ಎಂದರೆ ಕಾರಣ ಇಲ್ಲವೆಂದೇ ಅರ್ಥ.

ಹೆದರಬೇಡಿ, ನಿಮ್ಮ ಹೆಸರು ಹೇಳಲಿಲ್ಲ. ಮೇಲ್ವಿಚಾರಕಿಗೆ ಹಳೆಯ ಎಣಿಕೆಯ ತುಂಡೊಂದು ಸುಮ್ಮನೆ ಬಿದ್ದಿದೆ, ತೆಗೆಯುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಈ ಕೆಲಸದಲ್ಲಿ ನನ್ನ ಮೊದಲ ಸುಳ್ಳು, ನಿಮ್ಮ ಮಾನ ಉಳಿಸಲು.

ಅಪ್ಪನ ಮುಖ ನೋಡಬೇಕಿತ್ತು. ಒಂದೇ ಒತ್ತಿಗೆ ಸೇತುವೆ ಎದ್ದಿತು. ಕುರ್ಚಿಯಲ್ಲೇ ತಿರುಗಿ ಹಾಲಿಗೆಲ್ಲ ಕೇಳುವಂತೆ "ನೋಡ್ರಪ್ಪಾ, ನಾಲ್ಕು ವರ್ಷ ಯಾರ ಕೈಲೂ ಆಗದ್ದು, ನನ್ ಮಗಳು ಒಂದೇ ತಿಂಗಳಲ್ಲಿ ಮಾಡಿದ್ಲು" ಎಂದ. ನನಗೆ ನಾಚಿಕೆಯೂ ಆಯಿತು, ಕಣ್ಣಲ್ಲಿ ನೀರೂ ಬಂತು. ಸಂಜೆ ಮನೆಯಲ್ಲಿ ಅದನ್ನೇ ಮತ್ತೆ ಅಮ್ಮನಿಗೆ ಹೇಳಿದ. ಅಮ್ಮ ಬಡಿಸುತ್ತಿದ್ದ ಸೌಟು ಹಾಗೇ ಹಿಡಿದು ನಿಂತಳು. ಒಳ್ಳೇದಾಯ್ತು ಎಂದು ಒಂದು ಮಾತಿಲ್ಲ. ತಮ್ಮನ ಕೆಲಸದಲ್ಲಿ ತಪ್ಪು ಹುಡುಕಿದೆನೆಂದು ಬೇಸರವಿರಬೇಕು. ತವರಿನ ಮೇಲಿನ ಮಮತೆ ಎಂದರೆ ಇದೇ ನೋಡಿ.

ನಿಮ್ಮ ಸೊಸೆ


ಮಾರ್ಚ್ 24

ಮಗಳೇ,

ಮೂರು ಸಲ ಬರೆದು ಹರಿದು ಹಾಕಿದೆ. ಇದನ್ನು ಹರಿಯದಂತೆ ಅಡುಗೆಯವನ ಕೈಗೆ ಕೊಡುತ್ತೇನೆ.

ಅಡುಗೆಯವನಿಂದ ಅಕ್ಕನಿಗೆ ಫೋನ್ ಮಾಡಿಸಿದೆ. "ಏನೂ ಆಗಿಲ್ವಲ್ಲ, ಇನ್ನು ಕೆಲವು ತಿಂಗಳು ತಾನೇ, ಅವಳಿಗೆ ಏನೂ ಹೇಳ್ಬೇಡ ಅನ್ನು" ಎಂದಳಂತೆ. ಮಾತು ಕೊಟ್ಟಿದ್ದು ಅವಳಿಗೇ. ಇವತ್ತು ಮುರಿಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಭಾವನ ಕುರ್ಚಿಯ ಹಿಂದೆ ನಿಂತಿದ್ದೆ. ಗೇಟು ಇಳಿಸಿದರು. ಸೇತುವೆಯ ಮೇಲೆ ಒಬ್ಬ ಮುದುಕ ಕೋಲೂರಿಕೊಂಡು ನಡೆಯುತ್ತಿದ್ದ, ಪರದೆಯ ಮೂಲೆಯಲ್ಲಿ. ಭಾವ ಆ ಕಡೆ ನೋಡಲೇ ಇಲ್ಲ, ಕೈ ಗುಂಡಿಗೆ ಹೋಯಿತು. ನಾನು ಅವರ ಮಣಿಕಟ್ಟು ಹಿಡಿದುಬಿಟ್ಟೆ. ಅವರು ನನ್ನನ್ನು ನೋಡಿದರು, ಆಮೇಲೆ ಪರದೆ ನೋಡಿದರು. "ಓ" ಎಂದರು. ಅಷ್ಟೇ. ಆಮೇಲೆ ಊಟಕ್ಕೆ ಹೋಗೋಣವಾ ಎಂದು ಕೇಳಿದರು. ಆ ವಾರದಲ್ಲೇ ಮತ್ತೊಂದು ಸಲ ಕ್ಯಾಮೆರಾ ನೋಡದೆ ಒತ್ತಿದ್ದನ್ನು ಕಂಡೆ. ಸೇತುವೆ ಖಾಲಿಯಿತ್ತು, ಬಚಾವು.

ಮೇಲಿನವರಿಗೆ ಹೇಳಬೇಕಿತ್ತು. ಅಕ್ಕ ನನ್ನ ಎರಡೂ ಕೈ ಹಿಡಿದು ಅತ್ತಳು. "ಕುರ್ಚಿಯಿಂದ ಎಬ್ಬಿಸಿದ್ರೆ ಅವರು ಬದುಕಲ್ಲ ಕಣೋ. ಮರ್ಯಾದೆಯಾಗಿ ಹೊರಗೆ ಬರಲಿ" ಎಂದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನನಗೆ ಗೊತ್ತಿದ್ದ ವಿದ್ಯೆ ಒಂದೇ, ನಡುವೆ ಕೂರಿಸುವುದು. ಅಜ್ಜಿಯನ್ನು ಕೂರಿಸಿದೆ. ಕೂರಿಸಿದ ಮೇಲೆ ಭಾವನ ಎದುರು ಕೂತು ಊಟ ಮಾಡಲು ಆಗಲಿಲ್ಲ. ದಿನಾ ಬೆಳಿಗ್ಗೆ ಅವರು ಲೈನಿಗೆ ಬೈಯುವಾಗ ನಾನು ಹೂಂಗುಟ್ಟಬೇಕಿತ್ತು. ಊರು ಬಿಟ್ಟೆ. ಸಂಬಳ ಇಲ್ಲಿ ಕಡಿಮೆ.

ಕಾಗದ ಕೈಸೇರಿದ ಕೂಡಲೇ ಅದನ್ನು ವಾಪಸು ಕೂರಿಸು. ನನ್ನನ್ನು ಆಮೇಲೆ ಬೈ.

ಮಾವ


ಏಪ್ರಿಲ್ 3

ಮಾವ,

ಕಾಗದ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಅಮ್ಮನನ್ನು ಕೇಳಿದೆ. ಅವಳು ಬಟ್ಟೆ ಮಡಚುತ್ತಲೇ ಇದ್ದಳು.

ನಿನ್ನ ಮಾತು ನಂಬಬೇಕೋ ನನ್ನ ಕಣ್ಣು ನಂಬಬೇಕೋ ತಿಳಿಯದೆ, ಕೆಲಸದ ನೆಪ ಹೇಳಿ ಅಪ್ಪನ ಹಿಂದೆ ಒಂದು ವಾರ ಕೂತೆ. ಅವನು ಪ್ರತಿ ಸಲವೂ ಕ್ಯಾಮೆರಾ ನೋಡಿದ, ಮಾವ. ಒಂದೊಂದನ್ನೂ ತೆರೆದು, ಕನ್ನಡಕ ಸರಿಮಾಡಿಕೊಂಡು ನೋಡಿದ. ಹಳೆಯ ರೂಢಿಯಂತೆ ಬೆರಳು ಮೊದಲು ಗುಂಡಿಯ ಕಡೆ ಹೋಗುತ್ತದೆ, ಆದರೆ ತಡೆದು ನಿಲ್ಲಿಸುತ್ತಾನೆ. ಒಮ್ಮೆಯಂತೂ ಒಂದು ನಾಯಿ ದಾಟುವವರೆಗೆ ಹಡಗನ್ನೇ ಕಾಯಿಸಿದ. ಹಡಗಿನವನು ರೇಡಿಯೊದಲ್ಲಿ ಕೂಗಾಡಿದ. ಅಪ್ಪ "ನಾಯಿಗೆ ರೇಡಿಯೊ ಇಲ್ಲ ಸ್ವಾಮಿ" ಎಂದ. ಹಾಲೆಲ್ಲ ನಕ್ಕಿತು.

ಇಂಥವನಿಗೆ ಬುದ್ಧಿ ಮಂಕಾಗಿದೆ ಎನ್ನುತ್ತೀಯಾ? ನೀನು ಯಾವತ್ತೋ ಎರಡು ಸಲ ಕಂಡದ್ದಕ್ಕೆ ನಾಲ್ಕು ವರ್ಷ ಶಿಕ್ಷೆ ಕೊಟ್ಟಿದ್ದೀಯ. ಹಗ್ಗ ಕಂಡು ಹಾವೆಂದಿರಿ, ನೀನೂ ಅಮ್ಮನೂ. ನಿನ್ನ ಮೇಲೆ ಈಗ ಸಿಟ್ಟಿಲ್ಲ. ಆದರೆ ಅಜ್ಜಿಯನ್ನು ವಾಪಸು ಕೂರಿಸುವುದಿಲ್ಲ.

ನಿನ್ನ ಮೆಣಸಿನಕಾಯಿ


ಏಪ್ರಿಲ್ 29

ಮೆಣಸಿನಕಾಯಿ,

ನೀನು ಬರೆದು ಬಹಳ ದಿನವಾಯಿತು. ನಿನ್ನೆ ಇಲ್ಲಿಯ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ನೋಡಿದೆ. ಸೇತುವೆ ಎತ್ತುವಾಗ ಮಹಿಳೆಗೆ ಗಾಯ, ಸಿಬ್ಬಂದಿ ಅಮಾನತು ಎಂದಿದೆ. ಹೆಸರಿಲ್ಲ, ಕುರ್ಚಿಯ ಸಂಖ್ಯೆಯಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ.

ನಾನು ಹೇಳಿರಲಿಲ್ಲವೇ ಎಂದು ಬರೆದು, ಅದನ್ನು ಹೊಡೆದು ಹಾಕಿದ್ದೇನೆ. ಮಸಿಯ ಕೆಳಗೆ ನಿನಗೆ ಕಾಣಿಸುತ್ತದೆ, ಕಾಣಿಸಲಿ. ಸಿಟ್ಟು ಬಂದದ್ದು ನಿಜ.

ಆ ಹೆಂಗಸು ಬದುಕಿದ್ದಾರಾ? ಅದನ್ನೊಂದು ಬೇಗ ಬರೆ. ಮತ್ತೆ ಅಜ್ಜಿಯ ವಿಷಯ ಯಾರ ಮುಂದೆಯೂ ಬಾಯಿ ಬಿಡಬೇಡ. ಅದು ಅಲ್ಲಿತ್ತೆಂಬುದೂ ನೀನು ತೆಗೆದೆಯೆಂಬುದೂ ನಮ್ಮಿಬ್ಬರನ್ನೂ ಅಕ್ಕನನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಿನ್ನ ಬದುಕು ಈಗಷ್ಟೇ ಶುರುವಾಗಿದೆ.

ಮಾವ


ಮೇ 5

ಮಾವ,

ಬದುಕಿದ್ದಾರೆ. ಸೊಂಟದ ಮೂಳೆ ಮುರಿದಿದೆ. ಮತ್ತೆ ನಡೆಯುತ್ತಾರಂತೆ, ಕೋಲು ಹಿಡಿದು.

ಮನೆಮನೆಗೆ ಪತ್ರಿಕೆ ಹಾಕುವವರು. ಬೆಳಿಗ್ಗೆ ಕೆಲಸ ಮುಗಿಸಿ ವಾಪಸು ಹೋಗುವಾಗ ಸೇತುವೆಯ ನಡುಮಧ್ಯದಲ್ಲಿ ಸೈಕಲ್ಲಿನ ಚೈನು ಬಿತ್ತು. ಬಗ್ಗಿ ಸರಿಮಾಡುತ್ತಿದ್ದರು. ಗೇಟು ಇಳಿಯುವ ಗಂಟೆ ಕೇಳಿತಂತೆ. ಆಸ್ಪತ್ರೆಗೆ ಹೋದಾಗ ನನ್ನ ಕೈ ಹಿಡಿದುಕೊಂಡು ಹೇಳಿದರು: "ಕ್ಯಾಮೆರಾ ಇದ್ಯಲ್ಲಮ್ಮ, ಯಾರೋ ನೋಡ್ತಿರ್ತಾರೆ ಅಂದ್ಕೊಂಡೆ. ಅವಸರ ಮಾಡ್ಲಿಲ್ಲ." ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಹೇಳಲೂ ಇಲ್ಲ. ತಂದ ಹಣ್ಣನ್ನು ಮಂಚದ ಪಕ್ಕ ಇಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಅಪ್ಪ ಗುಂಡಿ ಒತ್ತಿದ, ಒತ್ತಿ ಕ್ಯಾಮೆರಾ ತೆರೆದ. ತೆರೆದಾಗ ರಸ್ತೆ ಆಗಲೇ ಓರೆಯಾಗಿತ್ತು, ಅವರು ಸೈಕಲ್ಲಿನ ಜೊತೆ ಜಾರುತ್ತಿದ್ದರು. ಅವನೇ ನಿಲ್ಲಿಸಿದ. ಅವನು ಅಷ್ಟು ಬೇಗ ನಿಲ್ಲಿಸದಿದ್ದರೆ ಬದುಕಿದ್ದಾರೆ ಎಂದು ನಾನು ಬರೆಯುತ್ತಿರಲಿಲ್ಲ.

ಆ ದಿನದಿಂದ ಅವನ ಬಾಯಲ್ಲಿ ಒಂದೇ ಮಾತು. "ನಾನು ಒಂದೇ ಸಲ ಒತ್ತಿದ್ದು." ಮೇಲ್ವಿಚಾರಕಿಗೆ ಹೇಳಿದ, ವಿಚಾರಣೆಯವರಿಗೆ ಹೇಳಿದ, ಬಾಗಿಲಿಗೆ ಬಂದ ಪಕ್ಕದ ಮನೆಯವರಿಗೂ ಹೇಳಿದ. "ಒಂದೇ ಸಲ ಒತ್ತಿದ್ದು ನಾನು. ಎರಡನೇದು ಒತ್ತಲೇ ಇಲ್ಲ." ಎಲ್ಲರೂ ಮುಖ ಮುಖ ನೋಡಿಕೊಂಡರು. ಒಂದು ಸಲ ಒತ್ತಿದರೆ ಸಾಕಲ್ಲ, ಇವನೇನು ಹೇಳುತ್ತಿದ್ದಾನೆ, ತಲೆ ನೆಟ್ಟಗಿಲ್ಲ ಎಂದುಕೊಂಡರು.

ನನಗೊಬ್ಬಳಿಗೆ ಅರ್ಥವಾಯಿತು. ನಾಲ್ಕು ವರ್ಷ ಅವನ ಮೊದಲ ಒತ್ತು ಎಲ್ಲಿಗೂ ತಲುಪುತ್ತಿರಲಿಲ್ಲ. ನಿನ್ನ ಅಜ್ಜಿ ಅದನ್ನು ನುಂಗುತ್ತಿದ್ದಳು. ಅವನ ಕೈ ಅದನ್ನೇ ಕಲಿತುಬಿಟ್ಟಿತು: ಮೊದಲು ಒಂದು ಸಲ ಸುಮ್ಮನೆ ಒತ್ತುವುದು, ಆಮೇಲೆ ನೋಡುವುದು, ಎರಡನೆಯದು ನಿಜವಾದದ್ದು. ನಾನು ಅಜ್ಜಿಯನ್ನು ಎಬ್ಬಿಸಿದಾಗ ಕೆಲವು ವಾರ ಎಚ್ಚರದಿಂದ ಕೈ ತಡೆದ. ನಾನು ನೋಡಿದ್ದು ಆ ವಾರಗಳನ್ನು. ಎಚ್ಚರ ಎಷ್ಟು ದಿನ ಇರುತ್ತದೆ ಹೇಳು? ಅವತ್ತು ಮೈಮರೆತ, ಕೈ ತನ್ನ ಹಳೆಯ ಕೆಲಸ ಮಾಡಿತು. ಬೆರಳು ಮೊದಲು ಹೋಗುತ್ತದೆ ಎಂದು ನಾನೇ ನಿನಗೆ ಬರೆದಿದ್ದೆ. ಕಂಡದ್ದನ್ನು ಬರೆದೆ, ಬರೆದದ್ದನ್ನು ಯೋಚಿಸಲಿಲ್ಲ.

ಹಳೆಯ ದಾಖಲೆಗಳನ್ನೆಲ್ಲ ತೆಗೆದು ನೋಡಿದೆ. ನೀನು ಕೂರಿಸಿದ ಮೊದಲ ವರ್ಷ ಅಜ್ಜಿ ಅವನನ್ನು ವಾಪಸು ಕಳಿಸಿದ್ದು ಅಲ್ಲೊಂದು ಇಲ್ಲೊಂದು ಸಲ. ವರ್ಷ ಕಳೆದಂತೆ ಹೆಚ್ಚುತ್ತ ಹೋಗಿ, ಕೊನೆಗೆ ಪ್ರತಿ ದಿನ, ಪ್ರತಿ ಹಡಗಿಗೂ. ವಯಸ್ಸಾಗುತ್ತಿತ್ತೋ, ಅಜ್ಜಿ ಕಲಿಸುತ್ತಿದ್ದಳೋ, ಯಾರಿಗೆ ಗೊತ್ತು? ನಿನ್ನನ್ನು ಕೇಳುತ್ತಿದ್ದೇನೆ. ಕಟ್ಟಿದವನು ನೀನು.

ವಿಚಾರಣೆಯವರು ವೈದ್ಯರ ಹತ್ತಿರ ಕಳಿಸಿದರು. ಇವತ್ತು ಯಾವ ವಾರ, ಗಡಿಯಾರದ ಚಿತ್ರ ಬರೆಯಿರಿ, ನೂರರಿಂದ ಏಳೇಳು ಕಳೆಯಿರಿ. ಅಪ್ಪ ಎಲ್ಲ ಮಾಡಿದನಂತೆ, ಗಡಿಯಾರ ಮಾತ್ರ ಸೊಟ್ಟಗಾಯಿತಂತೆ. ಈಗ ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ ಎಂದು ಹೋಗಿ ಹೋಗಿ ನೋಡುತ್ತಾನೆ. ಮೊನ್ನೆ ಅಮ್ಮನನ್ನು "ನಾನು ಊಟ ಮಾಡಿದ್ನೇನೇ?" ಎಂದು ಕೇಳಿದ. ತಮಾಷೆಯಲ್ಲ. ತನಗೆ ತಲೆ ಕೆಟ್ಟಿದೆಯೆಂದು ಅವನೇ ನಂಬಿಬಿಟ್ಟಿದ್ದಾನೆ, ಮಾವ. ಹೀಗೇ ಬಿಟ್ಟರೆ ನಂಬಿ ನಂಬಿಯೇ ಹಾಗಾಗಿಬಿಡುತ್ತಾನೆ.

ಅವನಿಗೆ ಎಲ್ಲ ಹೇಳಬೇಕೆಂದಿದ್ದೇನೆ.


ಮೇ 12

ಮಗಳೇ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಕೈ ಕಲಿಯುತ್ತದೆ ಎಂಬುದು ನನ್ನ ತಲೆಗೆ ಒಮ್ಮೆಯೂ ಹೊಳೆಯಲಿಲ್ಲ. ಕೋರಿಕೆಯನ್ನು ತಡೆದರೆ ಕೋರಿಕೆ ನಿಲ್ಲುತ್ತದೆ ಎಂದಷ್ಟೇ ಲೆಕ್ಕ ಹಾಕಿದೆ. ಕೋರುವವನು ಮನುಷ್ಯ ಎಂಬುದು ಲೆಕ್ಕದಲ್ಲಿ ಇರಲಿಲ್ಲ. ನೀನು ಕೇಳಿದ್ದನ್ನೇ ನಾನೂ ನನ್ನನ್ನು ಕೇಳಿಕೊಳ್ಳುತ್ತಿದ್ದೇನೆ.

ಆದರೂ ಹೇಳಬೇಡ ಎನ್ನುತ್ತೇನೆ. ನನ್ನ ಹೆಸರು ಕೆಡುತ್ತದೆಂದು ಅಲ್ಲ, ಕೆಟ್ಟರೆ ಕೆಡಲಿ. ಬುದ್ಧಿ ಕೈಕೊಟ್ಟಿತು ಎಂಬುದು ಒಂದು ನೋವು. ವಯಸ್ಸಿನ ಮೇಲೆ ಹಾಕಿ ಹೇಗೋ ನುಂಗಬಹುದು. ಹೆಂಡತಿ, ಮಗಳು, ಭಾವಮೈದ ಮೂವರೂ ಬೆನ್ನ ಹಿಂದೆ ಇದನ್ನೆಲ್ಲ ಮಾಡಿದರು ಎಂದು ತಿಳಿದರೆ ಅದನ್ನು ಯಾರ ಮೇಲೆ ಹಾಕುತ್ತಾರೆ? ಬಿದ್ದವನ ಮೇಲೆ ಇನ್ನೊಂದು ಕಲ್ಲು ಎತ್ತಿ ಹಾಕಿದಂತೆ. ಅಕ್ಕನ ಮುಖ ನೆನಪು ಮಾಡಿಕೋ. ಅವರು ಇನ್ನು ಅವಳ ಜೊತೆ ಮಾತಾಡುತ್ತಾರಾ?

ಸುಮ್ಮನಿದ್ದು ಕಾಪಾಡುವುದೂ ಒಂದು ಕಾಪಾಡುವುದೇ.

ಮಾವ


ಮೇ 21

ಮಾವ,

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡೇ ಅವನಿಗೆ ಹೇಳಿದೆ. ನೀನು ಬರೆದದ್ದರಲ್ಲಿ ಅರ್ಧ ಸರಿಯಿತ್ತು. ಅದಕ್ಕೇ ಹೇಳಲು ಇಷ್ಟು ದಿನ ಹಿಡಿಯಿತು.

ಭಾನುವಾರ ಬೆಳಿಗ್ಗೆ, ಅಡುಗೆಮನೆಯಲ್ಲಿ. ಅಮ್ಮನೂ ಇದ್ದಳು. ನೀನು ಮುದುಕನನ್ನು ಕಂಡದ್ದು, ಅಮ್ಮ ಕೈ ಹಿಡಿದದ್ದು, ಅಜ್ಜಿ, ನನ್ನ ಸುಳ್ಳು, ಮೊದಲ ಒತ್ತು ಎಲ್ಲಿಗೆ ಹೋಗುತ್ತಿತ್ತೆಂಬುದು, ಎಲ್ಲ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಅಪ್ಪ ಲೋಟ ತಿರುಗಿಸುತ್ತ ಕೇಳಿದ. ಕೊನೆಗೆ ತಲೆ ಎತ್ತಿ, "ಹಾಗಾದ್ರೆ ನನಗೆ ತಲೆ ಕೆಟ್ಟಿಲ್ವಾ?" ಎಂದ. ಅವನ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ನಾನು ಉತ್ತರ ಕೊಡುವ ಮೊದಲೇ ಅದು ಬಾಡಿತು. "ಇಲ್ಲಾ, ಕೆಟ್ಟಿದ್ಯಾ?"

ಗೊತ್ತಿಲ್ಲ ಎಂದೆ. ನಾಲ್ಕು ವರ್ಷ ಅವನ ಒಂದು ತಪ್ಪನ್ನೂ ಅವನ ಹತ್ತಿರ ಬರಗೊಡಲಿಲ್ಲ ನಾವು. ಯಾರಿಗೆ ಗೊತ್ತಿರುತ್ತದೆ?

ಆ ದಿನ ಅವನು ಅಮ್ಮ ಬಡಿಸಿದ್ದನ್ನು ಉಂಡ, ಅವಳತ್ತ ನೋಡಲಿಲ್ಲ. ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು ನಿನ್ನ ವಿಷಯ ಒಂದೇ ಮಾತು ಕೇಳಿದ. "ಅವನು ಸಂಬಳಕ್ಕೆ ಹೋಗಿದ್ದಲ್ವಾ?" ಅಲ್ಲ ಎಂದೆ. "ಊರೆಲ್ಲ ಅವನನ್ನ ಬೈಕೊಂಡು ತಿರುಗಿದ್ನಲ್ಲೋ ನಾನು" ಎಂದು ತನಗೆ ತಾನೇ ಹೇಳಿಕೊಂಡು ಹೋದ.

ಸೋಮವಾರ ನಾನು ಮೇಲ್ವಿಚಾರಕಿಯ ಮುಂದೆ ಕೂತು ಎಲ್ಲವನ್ನೂ ಬರೆದುಕೊಟ್ಟೆ. ನಿನ್ನ ಹೆಸರು ಬರೆದಿದ್ದೇನೆ, ನನ್ನದನ್ನು ಅದಕ್ಕಿಂತ ಮೇಲೆ ಬರೆದಿದ್ದೇನೆ. ನಿನ್ನನ್ನು ಕರೆಸುತ್ತಾರೆ. ನನ್ನ ಕೆಲಸ ಉಳಿಯುವುದಿಲ್ಲವೆಂದು ಅವರೇ ಹೇಳಿದರು, ಕೆಟ್ಟದಾಗೇನೂ ಹೇಳಲಿಲ್ಲ. ಅಲ್ಲಿಂದ ಆಸ್ಪತ್ರೆಗೆ ಹೋಗಿ ಆ ಪತ್ರಿಕೆಯಮ್ಮನಿಗೂ ನಾನು ಯಾರೆಂದು ಹೇಳಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ನಿನ್ನೆ ಅಪ್ಪ ಕೋಟು ಹಾಕಿಕೊಂಡು ಬಂದು "ನಡಿ, ಕಚೇರಿಗೆ" ಎಂದ. ಹೊಸಬರಿಗೆ ಕಲಿಸುವ ಮೇಜೊಂದು ಇದೆಯಲ್ಲ, ಸುಳ್ಳು ಸೇತುವೆ, ಸುಳ್ಳು ಹಡಗು, ಅದರ ಮುಂದೆ ಕೂರಿಸು ಎಂದ. ಮೇಲ್ವಿಚಾರಕಿ ಒಪ್ಪಿದರು. ಅವನು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಕನ್ನಡಕ ಒರೆಸಿ ಕೂತ. "ನಡುವೆ ಏನೂ ಇಲ್ಲ ತಾನೇ?" ಎಂದು ಕೇಳಿದ. ಇಲ್ಲ ಎಂದೆ. "ಸರಿಯಾದ್ರೂ ತಪ್ಪಾದ್ರೂ ಪರದೆ ಮೇಲೆ ಬರೋದು ಬೇಡ. ಕೊನೆಗೆ ನೀನೇ ಹೇಳು."

ಬೆಳಗಿನ ಪಾಳಿ ಪೂರ್ತಿ ಹಡಗುಗಳನ್ನು ಬಿಟ್ಟೆ. ಅವನು ದೀಪ, ಗೇಟು, ಕ್ಯಾಮೆರಾ, ಗುಂಡಿ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಒಂದೊಂದನ್ನೂ ದಾಟಿಸಿದ. ಎಲ್ಲ ಸರಿ, ಎಲ್ಲ ಸರಿ. ನನ್ನ ಎದೆ ಹಗುರಾಗುತ್ತ ಬಂತು. ಕೊನೆಕೊನೆಗೆ ಅವನಿಗೆ ಆಯಾಸವಾಗಿರಬೇಕು, ಬಾಯಲ್ಲಿ ಹೇಳಿಕೊಳ್ಳುವುದನ್ನು ಬಿಟ್ಟ. ಒಂದು ಸಲ ಗೇಟು ಇಳಿಸಿದವನೇ ನೇರ ಗುಂಡಿ ಒತ್ತಿದ. ಸೇತುವೆಯ ಮೇಲೆ ಒಂದು ಆಕೃತಿ ನಿಂತಿತ್ತು, ಪ್ರೋಗ್ರಾಮು ಬರೆದ ಗೊಂಬೆ. ಅವನಿಗೆ ಗೊತ್ತೇ ಆಗಲಿಲ್ಲ. ಮುಂದಿನ ಹಡಗಿಗೆ ಕಾಯುತ್ತ ಕೂತ.

ಎಲ್ಲ ಮುಗಿದ ಮೇಲೆ ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದ. ಎಲ್ಲ ಸರಿಯಾಗಿತ್ತು ಅಪ್ಪ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಮಾವ. ಸತ್ಯವಾಗಿ ಹೇಳುತ್ತೇನೆ, ಬಂದಿತ್ತು.

"ಒಂದು ಸಲ ನೀನು ನೋಡದೇ ಒತ್ತಿದೆ, ಅಪ್ಪ. ಸೇತುವೆ ಮೇಲೆ ಒಬ್ರು ಇದ್ರು" ಎಂದೆ.

ಅವನು ಕನ್ನಡಕ ತೆಗೆದು ಮಡಚಿದ. ಬೈಯುತ್ತಾನೆ, ಅಳುತ್ತಾನೆ, ಇನ್ನೊಂದು ಅವಕಾಶ ಕೊಡು ಎನ್ನುತ್ತಾನೆ ಎಂದೆಲ್ಲ ಅಂದುಕೊಂಡೆ. ಅಮ್ಮನೂ ನೀನೂ ಹೆದರಿದ್ದು ಇದಕ್ಕೇ ತಾನೇ?

"ಅಷ್ಟೇನಾ?" ಎಂದ. "ಇಷ್ಟು ಹೇಳೋಕೆ ನಿಮಗೆಲ್ಲ ನಾಲ್ಕು ವರ್ಷ ಬೇಕಾಯ್ತಾ?"

ಕುರ್ಚಿಯ ಬೆನ್ನಿನ ಮೇಲಿದ್ದ ಕೋಟು ತೆಗೆದು ತೋಳಿಗೆ ಹಾಕಿಕೊಂಡು, ತಾನಾಗಿಯೇ ಎದ್ದ.